ಸಾಕು ಎನ್ನುವ ಜಾಗ

ಮನೆ ಬಾಗಿಲಿಗೆ ಬೀಗ ಹಾಕಿ ಒಮ್ಮೆ ಜಗ್ಗಿ ನೋಡಿದೆ. ಅಂಗಳ ದಾಟಿ ದಣಪೆಯವರೆಗೆ ಬಂದವನು ಹಿಂದಿರುಗಿ ಹೋಗಿ ಇನ್ನೊಮ್ಮೆ ಜಗ್ಗಿದೆ. ಆಟೋದಲ್ಲಿ ಕೂತು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡ ಮೇಲೂ ಮೂರನೆಯ ಸಲ ಕಾಲು ತಾನಾಗಿ ಕೆಳಗಿಳಿಯಿತು. ‘ಮೇಷ್ಟ್ರೇ, ಬೀಗ ಎಲ್ಲಿಗೂ ಹೋಗೂದಿಲ್ಲ, ರೈಲು ಹೋಗ್ತದೆ’ ಎಂದು ಆಟೋದ ಹುಡುಗ ನಕ್ಕ. ನನ್ನ ಹಳೇ ಶಿಷ್ಯ ಅವನು. ನಾನೂ ನಕ್ಕೆ. ಆದರೆ ಸಾಗರದ ರೈಲು ನಿಲ್ದಾಣ ಮುಟ್ಟುವವರೆಗೂ ಅಂಗೈಯಲ್ಲಿ ಆ ಬೀಗದ ತಣ್ಪು ಉಳಿದೇ ಇತ್ತು. ಅದು ಉಳಿದಿತ್ತು ಎಂಬುದೇ ಒಂದು ನೆಮ್ಮದಿ.

ಹೊರಟದ್ದು ಬೆಂಗಳೂರಿಗೆ, ಮಿದುಳು ನೋಡಲಿಕ್ಕೆ. ಅಣ್ಣನ ಮಗಳು ಪುಟ್ಟಿ ಅಲ್ಲಿ ಮನೋವೈದ್ಯ ಓದುತ್ತಿದ್ದಾಳೆ. ಅವಳಿಗೆ ಶಾಲೆಯ ಹೆಸರು ಬೇರೆ ಇದೆ, ಮನೆಯವರಿಗೆಲ್ಲ ಪುಟ್ಟಿಯೇ. ‘ನಿಮ್ಹಾನ್ಸ್‌ನಲ್ಲಿ ಮಿದುಳಿನ ಮ್ಯೂಸಿಯಂ ಇದೆ ಚಿಕ್ಕಪ್ಪ, ನಿಜವಾದ ಮಿದುಳನ್ನ ಕೈಯಲ್ಲಿ ಹಿಡ್ಕೊಂಡು ನೋಡಬಹುದು’ ಎಂದು ಫೋನಿನಲ್ಲಿ ಹೇಳಿದ್ದಳು. ಅರವತ್ತೈದು ವರ್ಷ ಅದನ್ನೊಂದು ತಲೆಯೊಳಗೆ ಹೊತ್ತು ತಿರುಗಿದವನಿಗೆ ಹೊರಗಿನಿಂದ ಒಮ್ಮೆ ನೋಡೋಣ ಅನ್ನಿಸಿದ್ದು ದೊಡ್ಡದಲ್ಲ. ಆದರೆ ನನ್ನ ಈ ಆಸೆಗೆ ಹಳೆಯದೊಂದು ಬೇರಿತ್ತು. ಅದು ದೊಡ್ಡಮ್ಮ.

ಅಮ್ಮನ ಅಕ್ಕ. ಎಳೆ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು. ಸೀಮೆಗೆಲ್ಲ ಹೆಸರಾದ ಮಡಿವಂತೆ. ನಸುಕಿಗೆ ಬಾವಿಕಟ್ಟೆಗೆ ಹೋದರೆ ಬಿಸಿಲು ಅಡಿಕೆ ತೋಟಕ್ಕೆ ಇಳಿದರೂ ಅವಳು ಬರುತ್ತಿರಲಿಲ್ಲ. ಬಾವಿಯ ಹಗ್ಗ ತೊಳೆಯುವಳು. ಕೊಡಪಾನ ತೊಳೆಯುವಳು. ಕೊಡಪಾನ ಇಡುವ ಕಲ್ಲು ತೊಳೆಯುವಳು. ಕಲ್ಲು ತೊಳೆಯುವಾಗ ಕೈ ಕಲ್ಲಿಗೆ ತಾಗಿತಲ್ಲ, ಕೈ ತೊಳೆಯುವಳು. ಕೈ ತೊಳೆಯಲು ನೀರು ಸೇದಬೇಕು, ಸೇದಿದರೆ ಆ ಕೈ ಹಗ್ಗ ಮುಟ್ಟಿತು. ಮತ್ತೆ ಮೊದಲಿನಿಂದ. ಮಳೆಗಾಲದಲ್ಲಿ ಬೆರಳ ಸಂದಿಯ ಚರ್ಮ ಬೆಳ್ಳಗಾಗಿ ಬಿರಿದು ರಕ್ತ ಒಸರುತ್ತಿತ್ತು. ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿದರೆ ಎಣ್ಣೆಯ ಜಿಡ್ಡು ತೆಗೆಯಲು ಇನ್ನೊಂದು ಸುತ್ತು. ಬಂದವರು ಮಾತ್ರ ‘ಮಡಿ ಅಂದ್ರೆ ಇವರದ್ದು’ ಎಂದು ಕೈ ಮುಗಿದು ಹೋಗುತ್ತಿದ್ದರು.

ನಾನಾಗ ಎರಡನೇ ಕ್ಲಾಸು. ಬಾವಿಕಟ್ಟೆಯಿಂದ ಅವಳು ಸಣ್ಣ ದನಿಯಲ್ಲಿ ಕರೆಯುತ್ತಿದ್ದಳು.

‘ಮಾಣೀ, ಕೈ ನೋಡು. ಸಾಕಾ?’

‘ಸಾಕು ದೊಡ್ಡಮ್ಮ.’

‘ಸರಿಯಾಗಿ ನೋಡಿ ಹೇಳು.’

‘ಸಾಕು.’

ಅರ್ಧ ನಿಮಿಷ ಅವಳ ಮುಖ ಹಗುರಾಗುತ್ತಿತ್ತು. ಆಮೇಲೆ ಹಗ್ಗಕ್ಕೆ ಕೈ. ‘ನಿಂಗೆ ಸಾಕು ಅನ್ನಿಸ್ತು ಮಾಣಿ, ನಂಗೆ ಅನ್ನಿಸ್ಬೇಕಲ್ಲ.’

ಅವಳು ದಡ್ಡಿಯಲ್ಲ, ಭ್ರಮೆ ಹಿಡಿದವಳೂ ಅಲ್ಲ. ಅಡಿಕೆ ಲೆಕ್ಕದಲ್ಲಿ ಅಪ್ಪ ತಪ್ಪಿದರೆ ಒಳಗಿನಿಂದಲೇ ತಿದ್ದುತ್ತಿದ್ದಳು. ‘ಕೈ ಚೊಕ್ಕ ಇದೆ ಅಂತ ನಂಗೇ ಗೊತ್ತಿದೆ ತಂಗೀ, ಗೊತ್ತಿದ್ದೂ ಬಿಡೂದಿಲ್ಲ ಇದು’ ಎಂದು ಅಮ್ಮನ ಮುಂದೆ ಒಮ್ಮೆ ಅತ್ತದ್ದನ್ನು ಕೇಳಿದ್ದೇನೆ. ‘ಇದು’ ಎಂದರೆ ಏನು ಎಂದು ಯಾರೂ ಕೇಳಲಿಲ್ಲ. 1986ರ ಆಷಾಢದಲ್ಲಿ ತೀರಿಕೊಂಡಳು. ‘ಗೀಳು ಕಾಯಿಲೆ’, ಇಂಗ್ಲಿಷಿನವರ ಓಸಿಡಿ, ಎಂಬ ಮಾತು ನನ್ನ ಕಿವಿಗೆ ಬಿದ್ದದ್ದು ಅದಾಗಿ ಎಷ್ಟೋ ವರ್ಷದ ಮೇಲೆ. ಅಂದಿನಿಂದ ತಲೆಯಲ್ಲಿ ಒಂದೇ ಪ್ರಶ್ನೆ. ಗೊತ್ತಿರುವುದು ಒಂದು, ಅನ್ನಿಸುವುದು ಇನ್ನೊಂದು ಎಂದಾದರೆ, ‘ಸಾಕು’ ಅನ್ನಿಸುವುದು ತಲೆಯ ಯಾವ ಮೂಲೆಯಲ್ಲಿ? ಕಣ್ಣಿಗೊಂದು ಜಾಗ, ಕಿವಿಗೊಂದು ಜಾಗ ಇದ್ದ ಹಾಗೆ ಅದಕ್ಕೂ ಒಂದು ಜಾಗ ಇರಬೇಕಲ್ಲ?

ತಾಳಗುಪ್ಪದಿಂದ ಬರುವ ರೈಲನ್ನು ರಾತ್ರಿ ಹತ್ತಿದರೆ ಬೆಳಗಿನ ಜಾವ ಬೆಂಗಳೂರು. ಶಿವಮೊಗ್ಗ ದಾಟಿದ ಮೇಲೆ ಯಾವುದೋ ಸಣ್ಣ ನಿಲ್ದಾಣದಲ್ಲಿ ಗಾಡಿ ನಿಂತಿತು. ಕಿಟಕಿಯಾಚೆ ಕತ್ತಲೆ, ಒಂದು ನಾಯಿ, ಒಂದು ಟ್ಯೂಬ್‌ಲೈಟು. ಎದುರಿನ ಬರ್ತಿನಲ್ಲಿದ್ದವರು ರೈಲ್ವೆಯಲ್ಲೇ ದುಡಿದು ನಿವೃತ್ತರಾದವರು. ‘ಕ್ರಾಸಿಂಗ್ ಸಾರ್. ನಮ್ಮನ್ನ ಲೂಪ್ ಲೈನಿಗೆ ಹಾಕಿದಾರೆ’ ಎಂದರು. ಎದುರಿನ ಗಾಡಿ ಧಡಧಡ ಹೋಯಿತು. ನಮ್ಮದು ಕದಲಲಿಲ್ಲ. ‘ಅದು ಹೋಯ್ತಲ್ಲ, ಇನ್ನೇನು?’ ಎಂದೆ. ‘ಹೋಯ್ತು ಅಂತ ಡ್ರೈವರ್‌ಗೂ ಗೊತ್ತು ಸಾರ್. ಎಂಜಿನ್ನೂ ಚಾಲೂ ಇದೆ. ಆದ್ರೆ ಸಿಗ್ನಲ್ ಬೀಳಬೇಕಲ್ಲ. ಬೀಳದೆ ಹೊರಡೂ ಹಾಗಿಲ್ಲ.’ ಅವರು ಮಗ್ಗುಲಾಗಿ ಗೊರಕೆ ಹೊಡೆದರು. ನನಗೆ ನಿದ್ದೆ ಹಾರಿಹೋಯಿತು. ಬಾವಿಕಟ್ಟೆಯಲ್ಲಿ ನಿಂತ ದೊಡ್ಡಮ್ಮನ ವಿಷಯವನ್ನು ಇಷ್ಟು ನೆಟ್ಟಗೆ ಯಾರೂ ಹೇಳಿರಲಿಲ್ಲ.

ಮೆಜೆಸ್ಟಿಕ್‌ನಿಂದ ಹೊಸೂರು ರಸ್ತೆಯ ಬಸ್ಸು. ‘ನಿಮ್ಹಾನ್ಸ್ ಒಂದು’ ಎಂದು ಟಿಕೆಟ್ ಕೇಳಿದೆ. ಪಕ್ಕದ ಸೀಟಿನವರು ನನ್ನನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿ, ‘ಯಾರಿಗೆ ಹುಷಾರಿಲ್ಲ?’ ಎಂದು ಮರುಕದಿಂದ ಕೇಳಿದರು. ಮ್ಯೂಸಿಯಂ ನೋಡಲು ಎಂದರೆ ನಂಬಲಿಲ್ಲ. ಆ ಹೆಸರಿಗೆ ಅಂಟಿದ ಹೆದರಿಕೆ ಇನ್ನೂ ಹೋಗಿಲ್ಲ. ಮೈಸೂರು ಸಂಸ್ಥಾನದ ಕಾಲದ ಮಾನಸಿಕ ಆಸ್ಪತ್ರೆ, 1954ರಲ್ಲಿ ಅದರ ಜೊತೆಗೆ ಶುರುವಾದ ಅಖಿಲ ಭಾರತ ಸಂಸ್ಥೆ, 1974ರಲ್ಲಿ ಎರಡೂ ಕೂಡಿ ಆದದ್ದು ಇಂದಿನ ನಿಮ್ಹಾನ್ಸ್. ಊರವರ ಬಾಯಲ್ಲಿ ಮಾತ್ರ ಇಂದಿಗೂ ಹುಚ್ಚಾಸ್ಪತ್ರೆಯೇ. ಒಳಗೆ ಹೋದರೆ ಮರಗಳು, ಮರದ ಬುಡದಲ್ಲಿ ಬುತ್ತಿ ಬಿಚ್ಚಿಕೊಂಡು ಕೂತ ದೂರದೂರಿನ ಸಂಸಾರಗಳು. ತೆಲುಗು, ತಮಿಳು, ಉತ್ತರ ಕರ್ನಾಟಕದ ಕನ್ನಡ. ಜಾತ್ರೆಯ ಮಾರನೆಯ ದಿನದ ಹಾಗೆ ದಣಿದ ಮುಖಗಳು.

ಪುಟ್ಟಿ ಬಂದಳು, ಕಾಫಿ ಕುಡಿಸಿದಳು, ಕರೆದುಕೊಂಡು ಹೋದಳು.

ಮೊದಲು ಮೂಗಿಗೆ ಬಡಿದದ್ದು ಫಾರ್ಮಲಿನ್. ಆಮೇಲೆ ಗಾಜಿನ ಭರಣಿಗಳ ಸಾಲು. ಕೋಳಿಯ ಮಿದುಳು, ಇಲಿಯದ್ದು, ಕೋತಿಯದ್ದು, ಆಮೇಲೆ ನಮ್ಮದು. ನಾನು ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಹೇಳಿದವನು. ಶಾಸನದ ಕಲ್ಲು ಕಂಡರೆ ಓದದೆ ಬಿಡುವವನಲ್ಲ. ಇಲ್ಲಿ ಒಂದೊಂದು ಭರಣಿಯೂ ಒಂದು ಶಾಸನವೇ. ರಕ್ತನಾಳ ಒಡೆದು ಕಪ್ಪಗೆ ಹೆಪ್ಪುಗಟ್ಟಿದ್ದು ಒಂದರಲ್ಲಿ. ಲಾಡಿಹುಳುವಿನ ಮರಿಗಳು ಮನೆ ಮಾಡಿ ಜೇನುಗೂಡಿನಂತೆ ತೂತು ಬಿದ್ದದ್ದು ಇನ್ನೊಂದರಲ್ಲಿ. ಮರೆವಿನ ಕಾಯಿಲೆಯಲ್ಲಿ ಮುದುಡಿ ಒಣ ಅಕ್ರೋಟಿನಂತಾದದ್ದು ಮತ್ತೊಂದರಲ್ಲಿ. ಪಾರ್ಕಿನ್ಸನ್ ಆದವರಲ್ಲಿ ನಡುಮಿದುಳಿನ ಒಂದು ಕಪ್ಪು ಗೆರೆ ಮಾಸಿಹೋಗುತ್ತದಂತೆ. ಪುಟ್ಟಿ ವಿವರಿಸಿದಳು. ಕಾಯಿಲೆ ತನ್ನ ಸಹಿ ಹಾಕಿ ಹೋಗಿರುತ್ತದೆ.

‘ಗೀಳಿನವರದ್ದು ಯಾವುದು?’

‘ಅಂಥ ಭರಣಿ ಇಲ್ಲ ಚಿಕ್ಕಪ್ಪ. ಇದ್ದರೂ ನಿಮಗೂ ಗೊತ್ತಾಗೂದಿಲ್ಲ, ನಂಗೂ ಗೊತ್ತಾಗೂದಿಲ್ಲ. ಎದುರಿಗಿಟ್ಟರೆ ಎಲ್ಲರ ಮಿದುಳಿನ ಹಾಗೇ ಇರ್ತದೆ.’

ಇನ್ನೂರು ಮೈಲಿಗೂ ಹೆಚ್ಚು ದೂರ ಬಂದದ್ದು ಇದನ್ನು ಕೇಳಲಿಕ್ಕಾ ಅನ್ನಿಸಿತು.

ಅಷ್ಟರಲ್ಲಿ ಕೈಗೆ ಕೈಗವಸು ತೊಡಿಸಿ, ಅಂಗೈ ಮೇಲೆ ಒಂದು ಮಿದುಳನ್ನು ಇಟ್ಟರು.

ತೂಕ ಮೊದಲು ತಿಳಿಯಿತು. ಒಂದೂಕಾಲು, ಒಂದೂವರೆ ಕಿಲೋ ನಡುವೆ. ನಮ್ಮ ಕಡೆಯ ಒಂದು ಮಧ್ಯಮ ಹಲಸಿನ ಮಿಡಿಯಷ್ಟು. ಫಾರ್ಮಲಿನ್‌ನಲ್ಲಿ ಗಟ್ಟಿಯಾದದ್ದು, ಬದುಕಿದ್ದಾಗ ಹೊಸ ಬೆಣ್ಣೆಯಷ್ಟು ಮೆತ್ತಗಂತೆ. ಒಳಗೆ ಸುಮಾರು 8,600 ಕೋಟಿ ನರಕೋಶ. ಮೈತೂಕದಲ್ಲಿ ನೂರಕ್ಕೆ ಸುಮಾರು ಎರಡೇ ಪಾಲಿನ ಇದು, ಉಂಡದ್ದರ ಶಕ್ತಿಯಲ್ಲಿ ಐದನೆಯ ಒಂದು ಪಾಲು ತಿನ್ನುತ್ತದೆ. ಇವೆಲ್ಲ ಓದಿದ ಸಂಗತಿ. ಓದದೇ ಇದ್ದದ್ದು ಏನೆಂದರೆ, ಅದನ್ನು ಹಿಡಿದಾಗ ಕೈ ತಾನಾಗಿ ಎದೆಯ ಹತ್ತಿರಕ್ಕೆ ಬರುತ್ತದೆ, ಹಸುಗೂಸನ್ನು ಹಿಡಿದ ಹಾಗೆ. ಇದೂ ಒಂದು ದಿನ ಬೀಗ ಹಾಕಿತ್ತು, ತಿಂಡಿ ರುಚಿ ಇಲ್ಲ ಎಂದಿತ್ತು, ಯಾರನ್ನೋ ಬೈದು ಆಮೇಲೆ ನೊಂದಿತ್ತು. ಇದನ್ನು ಕೊಟ್ಟ ಮನೆಯವರ ಋಣ ದೊಡ್ಡದು.

ಪುಟ್ಟಿ ಪಕ್ಕದ ತಟ್ಟೆಯಲ್ಲಿದ್ದ ಒಂದು ಅಡ್ಡ ಹೋಳನ್ನು ತೋರಿಸಿದಳು. ‘ನೀವು ಹುಡುಕ್ತಾ ಬಂದ ಜಾಗ ಇಲ್ಲಿದೆ ನೋಡಿ.’ ಹೋಳಿನ ನಡುವೆ ಎರಡು ಸೀಳು, ಅವುಗಳ ಅಂಚಿಗೆ ಬೂದುಬಣ್ಣದ ಗಂಟು. ಕಾಡೇಟ್ ಅಂತೆ. ಲ್ಯಾಟಿನ್ನಿನಲ್ಲಿ ಬಾಲವಿರುವುದು ಎಂದರ್ಥ. ಇಡಿಯಾಗಿ ಬಿಡಿಸಿ ತೆಗೆದರೆ ದಪ್ಪ ತಲೆ, ಬಳುಕಿದ ಬಾಲ, ಥೇಟ್ ಗೊದಮೊಟ್ಟೆ. ಅದರ ಹೊರಗೆ ಪುಟಾಮೆನ್, ಎಂದರೆ ಸಿಪ್ಪೆ. ಪಕ್ಕದಲ್ಲಿ ಬಿಳುಚಿದ ಗೋಳ. ಒಳಗೆ ಥಾಲಮಸ್, ಗ್ರೀಕರ ಮಾತಿನಲ್ಲಿ ಒಳಕೋಣೆ. ಹೆಸರಿಟ್ಟವರು ಮಿದುಳನ್ನು ಮನೆಯಂತೆಯೇ ಕಂಡಿದ್ದಾರೆ, ನಮ್ಮ ಮಲೆನಾಡಿನ ನಡುಮನೆ, ಕತ್ತಲೆಕೋಣೆಗಳ ಹಾಗೆ.

ಕಣ್ಣುಗುಡ್ಡೆಯ ಮೇಲ್ಗಡೆ, ಹಣೆಯ ಹಿಂದಿನ ಪದರದಿಂದ ಸುದ್ದಿ ಹೊರಡುತ್ತದೆ: ಏನೋ ಸರಿಯಿಲ್ಲ, ನೋಡು. ಅದು ಗೊದಮೊಟ್ಟೆಗೆ ಬರುತ್ತದೆ, ಬಿಳುಚಿದ ಗೋಳಕ್ಕೆ ಹೋಗುತ್ತದೆ, ಒಳಕೋಣೆ ಹೊಕ್ಕು ಮತ್ತೆ ಹಣೆಯ ಹಿಂದಕ್ಕೆ ಮರಳುತ್ತದೆ. ಒಂದು ಸುತ್ತು. ಇಂಥ ಸುತ್ತುಗಳು ಅಕ್ಕಪಕ್ಕದಲ್ಲಿ ಹಲವು ಇವೆಯೆಂದು 1986ರಲ್ಲಿ ಅಮೆರಿಕದ ಮೂವರು ವಿಜ್ಞಾನಿಗಳು ವಿವರಿಸಿದರು. ದೊಡ್ಡಮ್ಮ ಹೋದ ವರ್ಷವೇ. ಸುತ್ತಿನೊಳಗೆ ದಾರಿ ಎರಡು. ಒಂದು ಒಳಕೋಣೆಯ ಬಾಗಿಲು ತೆರೆದು ‘ಮಾಡು’ ಎನ್ನುತ್ತದೆ, ಇನ್ನೊಂದು ಬಾಗಿಲೆಳೆದು ‘ಬಿಡು’ ಎನ್ನುತ್ತದೆ. ಎರಡೂ ತೂಗಿಕೊಂಡಿದ್ದರೆ ಕೈ ತೊಳೆದಾಯಿತು, ಊಟಕ್ಕೆ ಎದ್ದಾಯಿತು. ಗೀಳಿನಲ್ಲಿ ‘ಮಾಡು’ವಿನ ಕಡೆ ತಕ್ಕಡಿ ವಾಲುತ್ತದೆ, ಸುದ್ದಿ ಸುತ್ತು ಹಾಕುತ್ತಲೇ ಇರುತ್ತದೆ ಎಂಬುದು ಈಗ ಹೆಚ್ಚು ಒಪ್ಪಿತವಾದ ವಿವರಣೆ.

‘ಲೂಪ್ ಲೈನು’ ಎಂದೆ.

‘ನಾವೂ ಲೂಪ್ ಅಂತಲೇ ಹೇಳೂದು’ ಎಂದು ಪುಟ್ಟಿ ಆಶ್ಚರ್ಯಪಟ್ಟಳು. ರೈಲಿನ ಕತೆ ಅವಳಿಗೆ ಆಮೇಲೆ ಹೇಳಿದೆ.

ಭರಣಿಯಲ್ಲಿ ಕಾಣದ್ದು ಯಾಕೆಂದು ಆಗ ಹೊಳೆಯಿತು. ಹಳಿ ನೋಡಿದರೆ ಗಾಡಿ ತಡವಾದದ್ದು ತಿಳಿಯುವುದಿಲ್ಲ. ಓಡಾಟವನ್ನೇ ನೋಡಬೇಕು, ಅದೂ ಬದುಕಿರುವಾಗ. 1987ರಲ್ಲಿ ಲಾಸ್ ಏಂಜಲೀಸ್‌ನ ಲೂಯಿಸ್ ಬ್ಯಾಕ್ಸ್‌ಟರ್ ಮತ್ತವರ ಸಂಗಡಿಗರು ಅದನ್ನೇ ಮಾಡಿದರು. ವಿಕಿರಣದ ಗುರುತು ಹಾಕಿದ ಸಕ್ಕರೆಯನ್ನು ರಕ್ತಕ್ಕೆ ಬಿಟ್ಟು ಮಿದುಳಿನಲ್ಲಿ ಎಲ್ಲಿ ಅದು ಹೆಚ್ಚು ಉರಿಯುತ್ತದೆಂದು ಪೆಟ್ ಸ್ಕ್ಯಾನಿನಲ್ಲಿ ನೋಡಿದರೆ, ಗೀಳಿನವರಲ್ಲಿ ಹಣೆಯ ಹಿಂದಿನ ಆ ಪದರ, ಈ ಗೊದಮೊಟ್ಟೆ, ಎರಡೂ ಉಳಿದವರಿಗಿಂತ ಬಿಸಿ.

ಹೊರಗೆ ಬಂದು ಮರದ ಕೆಳಗೆ ಕೂತೆವು. ಪುಟ್ಟಿಗೆ ಆ ದಿನ ರಜೆ, ನನಗೆ ಪ್ರಶ್ನೆಗಳ ಹಸಿವು. ಗೀಳಿಗೂ ಈ ಗಂಟುಗಳಿಗೂ ನಂಟಿದೆಯೆಂದು ಮೊದಲು ತೋರಿಸಿಕೊಟ್ಟದ್ದು ಪ್ರಯೋಗಶಾಲೆಯಲ್ಲ, ಒಂದು ಸಾಂಕ್ರಾಮಿಕ ಎಂದು ಅವಳು ಹೇಳಿದಾಗ ನನಗೆ ನಾಚಿಕೆಯಾಯಿತು. 1918ರ ಇನ್‌ಫ್ಲುಯೆಂಜಾದ ಪಾಠವನ್ನು ಎಷ್ಟು ತಂಡಗಳಿಗೆ ಮಾಡಿದ್ದೇನೋ! ಅದೇ ವರ್ಷಗಳಲ್ಲಿ ಊರೂರು ಸುತ್ತಿದ ಇನ್ನೊಂದು ಬೇನೆಯ ಹೆಸರನ್ನೂ ಕೇಳಿರಲಿಲ್ಲ. 1917ರಲ್ಲಿ ವಿಯೆನ್ನಾದ ವೈದ್ಯ ಕಾನ್‌ಸ್ಟಾಂಟಿನ್ ಫಾನ್ ಎಕೊನೊಮೊ ಅದನ್ನು ಬಣ್ಣಿಸಿದರು. ಜನ ನಿಂತಲ್ಲಿ, ಉಣ್ಣುತ್ತ ಕೂತಲ್ಲಿ ನಿದ್ದೆಗೆ ಜಾರುವರು, ಎಷ್ಟೋ ಮಂದಿ ಏಳಲೇ ಇಲ್ಲ. ಹತ್ತು ವರ್ಷ ಕಾಡಿ, ಬಂದ ಹಾಗೇ ಹೋಯಿತು. ಕಾರಣ ಇಂದಿಗೂ ಇತ್ಯರ್ಥವಾಗಿಲ್ಲ. ಬದುಕುಳಿದವರಲ್ಲಿ ಕೆಲವರ ಮೈ ಪಾರ್ಕಿನ್ಸನ್‌ನಂತೆ ಮರಗಟ್ಟಿತು. ಇನ್ನು ಕೆಲವರಿಗೆ, ಅದುವರೆಗೆ ಸರಿಯಾಗಿದ್ದವರಿಗೆ, ಎಣಿಸುವ, ಮುಟ್ಟುವ, ಒಂದೇ ಮಾತನ್ನು ಮತ್ತೆ ಮತ್ತೆ ಆಡುವ ಗೀಳು ಹಿಡಿಯಿತು. ಬೇನೆ ಘಾಸಿ ಮಾಡಿದ್ದು ಮಿದುಳಿನ ಬುಡದ ಇಂಥ ಗಂಟುಗಳನ್ನೇ. ಗೀಳೆಂದರೆ ಬಾಲ್ಯದ ಅದುಮಿಟ್ಟ ಆಸೆಗಳ ಕತೆ ಎಂದು 1909ರಲ್ಲಿ ಫ್ರಾಯ್ಡ್ ತಮ್ಮ ಪ್ರಸಿದ್ಧ ರೋಗಿಯೊಬ್ಬನನ್ನು ಮುಂದಿಟ್ಟು ಬರೆದದ್ದೂ ಅದೇ ವಿಯೆನ್ನಾದಲ್ಲಿ. ಹತ್ತೇ ವರ್ಷದಲ್ಲಿ ಅದೇ ಊರಿನ ಆಸ್ಪತ್ರೆಗಳಲ್ಲಿ ಬೇರೆ ಕತೆ ಮಲಗಿತ್ತು. ಓದುವವರು ಕಡಿಮೆ, ಅಷ್ಟೆ.

ಮಕ್ಕಳಲ್ಲೂ ಒಂದು ಉದಾಹರಣೆ ಇದೆ. ಗಂಟಲು ಬೇನೆ ತರುವ ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಾಣುವಿನ ಮೇಲೆ ಮೈ ಯುದ್ಧ ಹೂಡುತ್ತದೆ. ಕೆಲವು ಮಕ್ಕಳಲ್ಲಿ ಆ ಸೈನ್ಯ ದಾರಿತಪ್ಪಿ ಈ ಗಂಟುಗಳ ಮೇಲೆ ಬೀಳುತ್ತದೆ. ಕೈಕಾಲು ಕುಣಿಯುವ ಸಿಡೆನ್‌ಹ್ಯಾಮ್ ಕೊರಿಯಾ ಬರುವುದು ಹೀಗೆ. ಅಂಥ ಮಕ್ಕಳಲ್ಲಿ ಗೀಳಿನ ಲಕ್ಷಣಗಳು ಹೆಚ್ಚೆಂದು ಅಮೆರಿಕದ ಸೂಸನ್ ಸ್ವೀಡೊ ಗಮನಿಸಿದರು. ಕುಣಿತವಿಲ್ಲದೆಯೂ ಗಂಟಲು ನೋವಿನ ಬೆನ್ನಿಗೇ ಗೀಳು ತಟ್ಟನೆ ಬರಬಹುದು ಎಂದು 1998ರಲ್ಲಿ ವಾದಿಸಿದರು. ಆ ವಾದದ ಬಗ್ಗೆ ವೈದ್ಯರೊಳಗೇ ಜಗಳವಿದೆ. ಹಾಗಾಗಿ ಮಗು ಕೆಮ್ಮಿದರೆ ಯಾರೂ ಗಾಬರಿ ಬೀಳಬೇಕಿಲ್ಲ.

‘ಇಲಿಗಳ ಕತೆ ಕೇಳಿ’ ಎಂದಳು ಪುಟ್ಟಿ. 2007ರಲ್ಲಿ ಗುವೊಪಿಂಗ್ ಫೆಂಗ್ ಎಂಬವರ ತಂಡ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಇಲಿಗಳಿಂದ ಒಂದೇ ಒಂದು ಜೀನ್ ತೆಗೆದುಬಿಟ್ಟಿತು. ಸ್ಯಾಪಾಪ್3 ಅದರ ಹೆಸರು. ಕಾಡೇಟ್, ಪುಟಾಮೆನ್ ಇರುವ ಜಾಗದ ನರಕೋಶಗಳು ಒಂದರೊಡನೊಂದು ಮಾತಾಡುವ ಕೊಂಡಿಯಲ್ಲಿ ಅದಕ್ಕೆ ಕೆಲಸ. ಆ ಇಲಿಗಳು ಮುಖ ಉಜ್ಜಿಕೊಳ್ಳತೊಡಗಿದವು. ಎಲ್ಲ ಇಲಿಗಳೂ ಉಜ್ಜಿಕೊಳ್ಳುತ್ತವೆ, ಇವು ನಿಲ್ಲಿಸಲಿಲ್ಲ. ಕೂದಲು ಉದುರಿ, ಚರ್ಮ ಸುಲಿದು, ಹುಣ್ಣಾಗುವವರೆಗೆ. ಗೀಳಿನ ರೋಗಿಗಳಿಗೆ ಕೊಡುವ ಫ್ಲುಯಾಕ್ಸೆಟಿನ್ ಕೊಟ್ಟರೆ ಕಡಿಮೆಯಾಯಿತು. ಆ ಜಾಗಕ್ಕಷ್ಟೇ ಜೀನನ್ನು ಮರಳಿ ಸೇರಿಸಿದರೂ ಕಡಿಮೆಯಾಯಿತು.

ನಾನು ಸುಮ್ಮನೆ ಕೈ ನೋಡಿಕೊಂಡೆ. ಬೆರಳ ಸಂದಿ ಬಿರಿದ ಆ ಕೈ ನೆನಪಾಗಿತ್ತು.

ಇನ್ನೂ ಇದೆ. 2013ರ ಜೂನ್ ತಿಂಗಳು, ಒಂದೇ ಪತ್ರಿಕೆಯಲ್ಲಿ ಎರಡು ತಂಡಗಳ ಲೇಖನ. ನರಕೋಶಗಳನ್ನು ಬೆಳಕಿಗೆ ಓಗೊಡುವಂತೆ ಮಾಡಿ, ಕೂದಲಿನಂಥ ಎಳೆಯಲ್ಲಿ ಮಿದುಳಿಗೆ ಬೆಳಕು ಬಿಡುವ ಉಪಾಯ ಅಷ್ಟರಲ್ಲಿ ಬಂದಿತ್ತು. ನ್ಯೂಯಾರ್ಕಿನ ತಂಡ ಆರೋಗ್ಯವಂತ ಇಲಿಗಳಲ್ಲಿ ಹಣೆಯಿಂದ ಗಂಟಿಗೆ ಬರುವ ದಾರಿಗೆ ದಿನಕ್ಕೆ ಕೆಲವೇ ನಿಮಿಷ ಬೆಳಕು ಕೊಟ್ಟಿತು. ಮೊದಲ ದಿನ ಏನೂ ಇಲ್ಲ. ದಿನ ಕಳೆದ ಹಾಗೆ ಉಜ್ಜಿಕೊಳ್ಳುವುದು ಹೆಚ್ಚಿತು, ಬೆಳಕು ನಿಲ್ಲಿಸಿದ ಮೇಲೂ ಉಳಿಯಿತು. ಎಂಐಟಿಯ ಆನ್ ಗ್ರೇಬಿಯಲ್ ಅವರ ತಂಡ ಆ ಸ್ಯಾಪಾಪ್3 ಇಲ್ಲದ ಇಲಿಗಳಲ್ಲಿ ಪಕ್ಕದ ಇನ್ನೊಂದು ದಾರಿಗೆ ಬೆಳಕು ಕೊಟ್ಟಿತು. ಅವು ಉಜ್ಜುವುದನ್ನು ಬಿಟ್ಟವು. ಒಂದು ಕಡೆ ‘ಮಾಡು’, ಒಂದು ಕಡೆ ‘ಸಾಕು’, ಎರಡೂ ಬೆಳಕಿನ ಎಳೆಯ ತುದಿಯಲ್ಲಿ! ಆ ಮರದ ಕೆಳಗೆ ನನಗೆ ರೋಮಾಂಚನವಾಯಿತು ಎಂದರೆ ನಗಬೇಡಿ.

ಆದರೆ ಇಲಿ ದೊಡ್ಡಮ್ಮನಲ್ಲ. ತನ್ನ ಮುಖ ಚೊಕ್ಕ ಇದೆಯೆಂದು ಇಲಿಗೆ ಗೊತ್ತಿದೆಯೋ ಇಲ್ಲವೋ, ದೊಡ್ಡಮ್ಮನಿಗೆ ಗೊತ್ತಿತ್ತು. ಅವಳ ನೋವಿನ ಅರ್ಧ ಪಾಲು ಆ ಗೊತ್ತಿರುವಿಕೆಯಲ್ಲೇ ಇತ್ತು. ಅದಕ್ಕೆ ಯಾವ ಇಲಿಯೂ ಸಾಕ್ಷಿ ಹೇಳಲಾರದು.

‘ಮಿದುಳಿನಲ್ಲಿ ಸೆರೊಟೋನಿನ್ ಅನ್ನೋ ರಾಸಾಯನಿಕ ಕಡಿಮೆ ಆದ್ರೆ ಗೀಳು ಬರ್ತದೆ ಅಂತ ಪೇಪರಲ್ಲಿ ಓದಿದ್ದೆ’ ಎಂದೆ. ಪುಟ್ಟಿ ತಲೆ ಅಲ್ಲಾಡಿಸಿದಳು. ಗಾಯ್ಗಿ ಎಂಬ ಸ್ವಿಸ್ ಕಂಪನಿಯ ಕ್ಲೊಮಿಪ್ರಮಿನ್ ಎಂಬ ಖಿನ್ನತೆಯ ಮಾತ್ರೆ ಗೀಳಿಗೂ ನಾಟುತ್ತದೆ ಎಂದು 1960ರ ದಶಕದ ಕೊನೆಯಲ್ಲಿ ಯುರೋಪಿನ ವೈದ್ಯರು ಕಂಡುಕೊಂಡಿದ್ದರು. ಉಳಿದ ಖಿನ್ನತೆಯ ಮಾತ್ರೆಗಳು ಅಷ್ಟು ನಾಟಲಿಲ್ಲ. ಕ್ಲೊಮಿಪ್ರಮಿನ್ ಸೆರೊಟೋನಿನ್ ಮೇಲೆ ಹೆಚ್ಚು ಕೆಲಸ ಮಾಡುತ್ತದೆ. ಹಾಗಾಗಿ ಅದರ ಕೊರತೆಯೇ ಕಾಯಿಲೆ ಎಂದು ಎಣಿಸಿದರು. ‘ಕಷಾಯ ಕುಡಿದ್ರೆ ನೆಗಡಿ ಹೋಗ್ತದಲ್ಲ ಚಿಕ್ಕಪ್ಪ, ನೆಗಡಿ ಅಂದ್ರೆ ಕಾಳುಮೆಣಸಿನ ಕೊರತೆಯಾ?’ ಮಾತ್ರೆ ಎಷ್ಟೋ ಜನಕ್ಕೆ ಗುಣ ಕೊಡುತ್ತದೆ, ಕೊರತೆ ಮಾತ್ರ ಸಾಬೀತಾಗಿಲ್ಲ. ಗುಣ ಕಾಣಲು ಖಿನ್ನತೆಗೆ ಬೇಕಾದದ್ದಕ್ಕಿಂತ ದೊಡ್ಡ ಪ್ರಮಾಣ ಬೇಕು, ಎರಡು ಮೂರು ತಿಂಗಳು ತಾಳ್ಮೆ ಬೇಕು.

ನನ್ನನ್ನು ಎಲ್ಲಕ್ಕಿಂತ ಬೆರಗುಗೊಳಿಸಿದ್ದು ಇದರ ಮುಂದಿನ ಸಂಗತಿ. 1992ರಲ್ಲಿ ಅದೇ ಬ್ಯಾಕ್ಸ್‌ಟರ್ ಅವರ ತಂಡ ಒಂಬತ್ತು ರೋಗಿಗಳಿಗೆ ಮಾತ್ರೆ ಕೊಟ್ಟಿತು. ಇನ್ನೊಂಬತ್ತು ಜನಕ್ಕೆ ಮಾತ್ರೆಯಿಲ್ಲದೆ ಅಭ್ಯಾಸ ಮಾಡಿಸಿತು: ಹೆದರಿಕೆಯ ವಸ್ತುವನ್ನು ಮುಟ್ಟಬೇಕು, ಕೈ ತೊಳೆಯಬಾರದು, ಎದೆ ಹೊಡೆದುಕೊಳ್ಳಲಿ, ಸುಮ್ಮನೆ ಕೂರಬೇಕು. ಲಂಡನ್ನಿನ ವಿಕ್ಟರ್ ಮೇಯರ್ 1966ರಲ್ಲಿ ದಾರಿ ತೋರಿಸಿದ ಚಿಕಿತ್ಸೆ ಇದು. ಸುಮಾರು ಹತ್ತು ವಾರದ ಮೇಲೆ ಸ್ಕ್ಯಾನ್ ಮಾಡಿ ನೋಡಿದರೆ, ಗುಣವಾದವರಲ್ಲಿ ಬಲಗಡೆಯ ಗೊದಮೊಟ್ಟೆ ತಣ್ಣಗಾಗಿತ್ತು. ಮಾತ್ರೆ ನುಂಗಿದವರಲ್ಲೂ, ಬರೀ ಅಭ್ಯಾಸ ಮಾಡಿದವರಲ್ಲೂ. ಸಣ್ಣ ಅಧ್ಯಯನ, ಹದಿನೆಂಟೇ ಜನ. ಆದರೂ ಕಾಯಿಲೆ ಮಿದುಳಿನದ್ದು ಎಂದಾಕ್ಷಣ ‘ಹಾಗಾದ್ರೆ ಹಣೆಬರಹ’ ಎಂದು ಕೈಚೆಲ್ಲುವ ನನ್ನಂಥವರ ಲೆಕ್ಕವನ್ನು ಅದು ತಲೆಕೆಳಗು ಮಾಡುತ್ತದೆ. ಮಾಂಸದಲ್ಲಿ ಇರುವುದನ್ನು ಮಾತ್ರೆಯಷ್ಟೇ ಅಲ್ಲ, ಕೂತು ತಾಳಿಕೊಂಡ ಅರ್ಧ ಗಂಟೆಯೂ ಮುಟ್ಟಬಲ್ಲದು.

ಆಗ ಬಾವಿಕಟ್ಟೆಯ ಕತೆ ಹೇಳಿದೆ. ‘ಸಾಕು ದೊಡ್ಡಮ್ಮ’ ಎಂದು ನಾನು ಹೇಳುತ್ತಿದ್ದೆ, ಅಷ್ಟಾದರೂ ನೆಮ್ಮದಿ ಕೊಟ್ಟೆನಲ್ಲ ಎಂದೆ. ಪುಟ್ಟಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

‘ಬೇಜಾರು ಮಾಡ್ಕೊಬೇಡಿ ಚಿಕ್ಕಪ್ಪ. ಮನೆಯವರು ಸಾಕು ಸಾಕು ಅಂತ ಸಮಾಧಾನ ಹೇಳೂದೂ ಕೈ ತೊಳೆದ ಹಾಗೇ. ಅರ್ಧ ನಿಮಿಷ ಆರಾಮ, ಆಮೇಲೆ ಇನ್ನಷ್ಟು ಬೇಕು. ಗೀಳಿಗೆ ಅದು ಊಟ.’

ಏಳು ವರ್ಷದ ಮಾಣಿಗೆ ಇದು ಹೇಗೆ ಗೊತ್ತಾಗಬೇಕಿತ್ತು? ಗೊತ್ತಾಗಬೇಕಿರಲಿಲ್ಲ. ಆದರೂ ಗಂಟಲು ಕಟ್ಟಿತು.

ಊಟದ ಮೇಲೆ ಆವರಣವೆಲ್ಲ ತಿರುಗಿದೆವು. ಇಲ್ಲಿನ ಹಿರಿಯರಾದ ಡಾ. ಎಂ.ವಿ. ಗೋವಿಂದಸ್ವಾಮಿಯವರ ಕಾಲದಲ್ಲಿ, 1940ರ ದಶಕದಲ್ಲಿ, ಹಣೆಯ ಹಿಂದಿನ ಎಳೆಗಳನ್ನು ಕತ್ತರಿಸುವ ಶಸ್ತ್ರಕ್ರಿಯೆ ಈ ಊರಿನಲ್ಲೂ ನಡೆದಿತ್ತು. ಆಗ ಲೋಕವೇ ಅದನ್ನು ನಂಬಿತ್ತು. ಅದನ್ನು ಶುರು ಮಾಡಿದವರಿಗೆ 1949ರಲ್ಲಿ ನೊಬೆಲ್ ಕೂಡ ಬಂತು. ಸುತ್ತಿನ ನಕ್ಷೆ ಸಿಗುವುದಕ್ಕಿಂತ ಎಷ್ಟೋ ಮೊದಲು ಕತ್ತಿ ಹೋಗಿತ್ತು. 1999ರಲ್ಲಿ ಬೆಲ್ಜಿಯಮ್‌ನ ವೈದ್ಯರು ಕತ್ತರಿಸುವ ಬದಲು ಅದೇ ಎಳೆಗಳ ನಡುವೆ ಸಣ್ಣ ತಂತಿ ಇಟ್ಟು ವಿದ್ಯುತ್ತು ಹರಿಸಿದರು. ಬೇಡವಾದರೆ ಆರಿಸಬಹುದು. ಯಾವ ಮದ್ದಿಗೂ ಬಗ್ಗದ ಬೆರಳೆಣಿಕೆಯ ಜನಕ್ಕೆ ಮಾತ್ರ ಅದು. ಉಳಿದವರಿಗೆ ಮಾತ್ರೆ, ಅಭ್ಯಾಸ. ಗೀಳಿಗೆಂದೇ ಪ್ರತ್ಯೇಕ ಕ್ಲಿನಿಕ್ ಇಲ್ಲಿದೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆ ಸಾವಿರ ವಯಸ್ಕರಲ್ಲಿ ಸುಮಾರು ಎಂಟು ಜನರಿಗೆ ಗೀಳು ಕಂಡಿತು. ಲೆಕ್ಕ ಹಾಕಿದರೆ ನಮ್ಮ ಹೋಬಳಿಯ ಜಾತ್ರೆಯಲ್ಲಿ ತೇರು ಎಳೆಯುವವರ ನಡುವೆಯೇ ಹತ್ತಾರು ಜನ ಸಿಗಬೇಕು.

ಕೇಳಬೇಕೆಂದು ಬಂದ ಕೊನೆಯ ಪ್ರಶ್ನೆಯನ್ನು ಸಂಜೆಯವರೆಗೆ ಅದುಮಿಟ್ಟಿದ್ದೆ. ದೊಡ್ಡಮ್ಮನ ತಮ್ಮ, ನನ್ನ ಸೋದರಮಾವ, ಮೆಟ್ಟಿಲು ಎಣಿಸದೆ ಹತ್ತುತ್ತಿರಲಿಲ್ಲ. ನನ್ನ ಬೀಗ ಮೂರು ಸಲ. ‘ಇದು ಮನೆತನದ್ದಾ?’

‘ಸುಮಾರು ಅರ್ಧ ಪಾಲು ಜೀನಿನದ್ದು ಅಂತ ಅವಳಿಜವಳಿಗಳ ಅಧ್ಯಯನ ಹೇಳ್ತದೆ’ ಎಂದಳು. ಆದರೆ ಗೀಳಿನ ಜೀನ್ ಎಂಬ ಒಂಟಿ ಕಳ್ಳ ಇಲ್ಲ. 2025ರಲ್ಲಿ ಪ್ರಕಟವಾದ, ಐವತ್ತು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡ ಅಧ್ಯಯನದಲ್ಲಿ ವಂಶವಾಹಿಯ 30 ತಾಣಗಳು ಸಿಕ್ಕಿದವು. ಒಂದೊಂದರ ಪಾಲೂ ಚಿಟಿಕೆಯಷ್ಟು. ಉಳಿದರ್ಧ ಬದುಕಿನದ್ದು. ಮಿದುಳು ‘ಇನ್ನೊಮ್ಮೆ’ ಎನ್ನುತ್ತದೆ, ಯಾವುದನ್ನು ಇನ್ನೊಮ್ಮೆ ಎಂಬುದನ್ನು ಮನೆ, ಊರು, ಕಾಲ ಸೇರಿಸಿಕೊಡುತ್ತವೆ. ದೊಡ್ಡಮ್ಮನ ಮನೆ ಮಡಿ ಕೊಟ್ಟಿತು. ನನ್ನ ಕಾಲ ಬೀಗ ಕೊಟ್ಟಿದೆ.

‘ನಿಮ್ಮ ಬೀಗಕ್ಕೆ ದಿನಕ್ಕೆ ಎಷ್ಟು ಹೊತ್ತು ಹೋಗ್ತದೆ?’

‘ಐದು ನಿಮಿಷ.’

‘ದಿನಕ್ಕೆ ಒಂದು ಗಂಟೆ ದಾಟಿ, ಬದುಕೇ ಅಡ್ಡಾದ್ರೆ ನಮ್ಮ ಹತ್ರ ಬನ್ನಿ. ಈಗ ರೈಲಿಗೆ ಹೊತ್ತಾಯ್ತು.’

‘ನಂಗೂ ಸ್ವಲ್ಪ ಓಸಿಡಿ’ ಎಂದು ಪುಸ್ತಕ ನೆಟ್ಟಗೆ ಜೋಡಿಸುವವರೆಲ್ಲ ಹೇಳಿಕೊಳ್ಳುವ ಕಾಲ ಇದು. ಆ ಸಾಲಿನಲ್ಲಿ ನಾನು ನಿಲ್ಲಬೇಕಾಗಲಿಲ್ಲ ಎಂಬ ಸಮಾಧಾನದಲ್ಲಿ ರೈಲು ಹತ್ತಿದೆ. ಮಾರನೆಯ ಬೆಳಿಗ್ಗೆ ಊರು ಮುಟ್ಟಿ ದಣಪೆ ತೆಗೆದರೆ ಬೀಗ ಇದ್ದಲ್ಲೇ ಇತ್ತು. ಬಾವಿಕಟ್ಟೆಗೆ ಹೋದೆ. ಈಗ ಪಂಪು ಬಂದಿದೆ, ರಾಟೆ ತುಕ್ಕು ಹಿಡಿದಿದೆ. ದೊಡ್ಡಮ್ಮ ತೊಳೆಯುತ್ತಿದ್ದ ಕಲ್ಲು ಮಾತ್ರ ನಡುವೆ ಸವೆದು ಬೋಗುಣಿಯಂತೆ ಕುಳಿ ಬಿದ್ದು, ಅದರಲ್ಲಿ ರಾತ್ರಿಯ ಮಳೆನೀರು ನಿಂತಿತ್ತು.

ನಿಮ್ಮ ಮನೆಯ ಬಚ್ಚಲಿನಲ್ಲೂ ಯಾರಾದರೂ ಗಂಟೆಗಟ್ಟಲೆ ನೀರು ಸುರಿಯುತ್ತಿದ್ದರೆ, ಬಯ್ಯಬೇಡಿ, ಹೊಗಳಲೂಬೇಡಿ, ‘ಸಾಕು’ ಎಂದು ನೂರು ಸಲ ಸಮಾಧಾನವನ್ನೂ ಹೇಳಬೇಡಿ. 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ-ಮನಸ್ ಸಹಾಯವಾಣಿ ಅದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.